ಕೊಲಂಬೊಗೆ ಹೋದ ಶೇಂಗಾ ಹಿಂಡಿ

ಆಂಧ್ರದ ಗಡಿಯ ಆಲೂರಿನ ಮಂಗಳಾಗೆ ಮೂರು ವಾರದಿಂದ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಆಕೆಯ ಗುಂಪಿನ ಹೆಂಗಸರು ಮಾಡುವ ಶೇಂಗಾ ಹಿಂಡಿಯನ್ನು ಮನುಷ್ಯರು ತಿನ್ನುತ್ತಾರೋ ದನಗಳು ತಿನ್ನುತ್ತವೋ ಎಂಬುದೇ ಆ ಪ್ರಶ್ನೆ.

ಹುರಿದ ಶೇಂಗಾಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಚಟ್ನಿಪುಡಿಗೆ ಆ ಕಡೆ ಶೇಂಗಾ ಹಿಂಡಿ ಎನ್ನುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಗಸಿಗೂ, ಎಮ್ಮೆಗೆ ನೆನೆಸಿ ಇಡುತ್ತಾರಲ್ಲ, ಅದಕ್ಕೂ ಅದೇ ಹೆಸರು. ಇದರಿಂದ ಊರಿನಲ್ಲಿ ಯಾರಿಗೂ ಎಂದೂ ತೊಂದರೆಯಾಗಿರಲಿಲ್ಲ. ಊಟಕ್ಕೆ ಕೂತವನು ಹಿಂಡಿ ಕೇಳಿದರೆ ಯಾವ ಹೆಂಗಸೂ ಕೊಟ್ಟಿಗೆಯ ಕಡೆಗೆ ಹೋಗುವುದಿಲ್ಲ. ತೊಂದರೆ ಶುರುವಾದದ್ದು ಹಿಂಡಿ ಸಮುದ್ರ ದಾಟಿದ ಮೇಲೆ.

ಅದಕ್ಕೆ ಕಾರಣ ಜನವರಿಯಲ್ಲಿ ಆದೋನಿಯಲ್ಲಿ ನಡೆದ ಒಂದು ಸಭೆ. ಶ್ರೀಲಂಕಾದ ದೊಡ್ಡ ಅಂಗಡಿಗಳಲ್ಲಿ ನಮ್ಮ ತಿನಿಸು ಮಾರುವ ಅವಕಾಶಗಳ ಬಗ್ಗೆ ವಿಜಯವಾಡದಿಂದ ಬಂದ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಎರಡು ತಾಸು ಮಾತಾಡಿದರು. ಕೂತವರಲ್ಲಿ ಹೆಚ್ಚಿನವರು ಹತ್ತಿ ಮತ್ತು ಶೇಂಗಾ ವ್ಯಾಪಾರಿಗಳು. ಹೆಂಗಸರೆಂದರೆ ಮಂಗಳಾ ಮತ್ತು ಆಕೆಯ ಜೊತೆಗೆ ಬಂದಿದ್ದ ಗುಂಪಿನ ಪಕೀರಮ್ಮ, ಇಬ್ಬರೇ. ಲಂಕೆಯವರು ಖಾರ ಬಲು ಇಷ್ಟಪಡುತ್ತಾರೆ, ಅನ್ನದ ಜೊತೆ ಕಲಸಿಕೊಳ್ಳುವ ಪುಡಿಗಳಿಗೆ ಅಲ್ಲಿ ಗಿರಾಕಿ ಇದ್ದಾರೆ ಎಂದು ಅಧಿಕಾರಿ ಹೇಳಿದಾಗ ಮಂಗಳಾ ಎದ್ದು ನಿಂತು ತೆಲುಗಿನಲ್ಲಿ, ನಾವೂ ಕಳಿಸಬಹುದೇ ಎಂದು ಕೇಳಿದಳು. ಯಾಕೆ ಕಳಿಸಬಾರದು, ನಿಮ್ಮಂಥವರಿಗಾಗಿಯೇ ಈ ಸಭೆ ಎಂದರು ಅಧಿಕಾರಿ. ಉಳಿದವರು ಚಪ್ಪಾಳೆ ತಟ್ಟಿದರು.

ಮಂಗಳಾಗೆ ನಲವತ್ಮೂರು ವಯಸ್ಸು. ಎಂಟು ಹೆಂಗಸರ ಗುಂಪು ಕಟ್ಟಿ ಹನ್ನೊಂದು ವರ್ಷದಿಂದ ಹಿಂಡಿ ಮಾಡಿ ಆಲೂರು, ಆದೋನಿ, ಎಮ್ಮಿಗನೂರಿನ ಅಂಗಡಿಗಳಿಗೆ ಹಾಕುತ್ತಿದ್ದಳು. ಮೊದಲು ಅಂಗಡಿಯ ಕಟ್ಟೆಯ ಮೇಲೆಯೇ ಇರುತ್ತಿದ್ದ ಆಕೆಯ ಪಾಕೀಟುಗಳು, ದೊಡ್ಡ ಕಂಪನಿಗಳ ಹೊಳೆಯುವ ಪಾಕೀಟುಗಳು ಬಂದಂತೆ ಹಿಂದಿನ ಸಾಲಿಗೆ ಸರಿದು, ಈಗೀಗ ಕೇಳಿದರೆ ಮಾತ್ರ ಅಂಗಡಿಯವನು ಕೆಳಗಿನಿಂದ ಎತ್ತಿಕೊಡುವಂತಾಗಿತ್ತು. ಅದು ಆಕೆಯನ್ನು ಬಹಳ ಚುಚ್ಚಿತ್ತು. ಇಲ್ಲಿ ಹಿಂದಕ್ಕೆ ತಳ್ಳಿದರೆ ಬೇರೆ ಕಡೆ ಮುಂದಿಟ್ಟು ತೋರಿಸಬೇಕು ಎಂಬ ಹಟಕ್ಕೆ ಬಿದ್ದಳು.

ಕಾಗದಪತ್ರದ ಕೆಲಸಕ್ಕೆ ಆಕೆಗೆ ಗೊತ್ತಿದ್ದವರು ಕೃಷ್ಣಕಾಂತರು ಒಬ್ಬರೇ. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಅವರು ಆಲೂರಿನ ಮಠದ ಬೀದಿಯಲ್ಲಿ ಹೆಂಡತಿ ಮಥುರಾಬಾಯಿಯೊಂದಿಗೆ ಇದ್ದರು. ಗುಂಪಿನ ಬ್ಯಾಂಕಿನ ಅರ್ಜಿ, ಆಹಾರ ಪರವಾನಗಿ ಎಲ್ಲವನ್ನೂ ಅವರೇ ಬರೆದುಕೊಟ್ಟಿದ್ದರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅವರ ಇಂಗ್ಲಿಷಿನ ಬಗ್ಗೆ ಊರಿಗೆಲ್ಲ ಗೌರವ, ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ.

ಅಲ್ಲಿಂದ ಏಪ್ರಿಲ್ ತನಕ ಮಂಗಳಾ ಕಾಲಿಗೆ ಬಿಡುವು ಕೊಡಲಿಲ್ಲ. ರಫ್ತು ಮಾಡುವವರ ನೋಂದಣಿಗೆ ನಾಲ್ಕು ಸಲ ಕರ್ನೂಲಿಗೆ ಹೋದಳು. ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ವಿಷ ಇಲ್ಲವೆಂದು ತೋರಿಸಲು ಪುಡಿಯನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದಳು. ಕೊಲಂಬೊದ ಒಂದು ಸೂಪರ್ ಮಾರ್ಕೆಟ್ ಕಂಪನಿ ಪರೀಕ್ಷೆಗೆಂದು ಮುನ್ನೂರು ಪಾಕೀಟು ಕೇಳಿತು. ಪಾಕೀಟಿನ ಮೇಲೆ ಸಿಂಹಳದಲ್ಲಿಯೂ ಬರೆದಿರಬೇಕೆಂದು ಅಕ್ಷರಗಳ ಚಿತ್ರ ಕಳಿಸಿತು. ಆದೋನಿಯ ಮುದ್ರಣದವನು ಅದನ್ನು ತಲೆಕೆಳಗಾಗಿ ಅಚ್ಚು ಹಾಕಿಬಿಟ್ಟ.

"ಅಕ್ಕಾ, ಆ ಅಕ್ಷರದಾಗ ತಲಿ ಯಾವುದು ಕಾಲು ಯಾವುದು ಅಂತ ನನಗೇನು ಗೊತ್ತಾಗಬೇಕು," ಎಂದ ಅವನು. "ಎಲ್ಲಾ ದುಂಡಗs ಅದಾವ. ನೀನು ಓದಿ ನೋಡಿ ಹೇಳಬೇಕಿತ್ತು."

"ನನಗ ಬರ್ತಿದ್ದರ ನಾ ಅಲ್ಲೇ ಹೋಗಿ ಅಂಗಡಿ ಇಡ್ತಿದ್ದೆ," ಎಂದಳು ಮಂಗಳಾ. ಎಲ್ಲ ಚೀಟಿಗಳನ್ನೂ ಮತ್ತೆ ಅಚ್ಚು ಹಾಕಿಸಿ, ಹಳೆಯ ಚೀಟಿ ಕಿತ್ತು ಹೊಸದನ್ನು ಅಂಟಿಸಲು ಎಂಟು ಜನರಿಗೆ ಎರಡು ದಿನ ಹಿಡಿಯಿತು.

ಕೊನೆಗೆ ಏಪ್ರಿಲ್ ಮೊದಲ ವಾರ ಆರು ರಟ್ಟಿನ ಪೆಟ್ಟಿಗೆಗಳು ಚೆನ್ನೈಗೆ ಹೋದವು. ಅಲ್ಲಿ ಸರಕನ್ನು ಹಡಗಿಗೆ ಹತ್ತಿಸುವ ಏಜೆಂಟರ ಕಚೇರಿಯಿಂದ ಫೋನು ಬಂದಾಗ ಮಂಗಳಾ ಶೇಂಗಾ ಹುರಿಯುತ್ತಿದ್ದಳು. ಮಾತಾಡಿದವನು ನೆಲ್ಲೂರಿನವನು. ಸರಕು ಏನು ಎಂದು ತೆಲುಗಿನಲ್ಲಿ ಕೇಳಿದ.

"ಶೇಂಗಾ ಹಿಂಡಿ."

"ಅಂದರೆ?"

"ಅದೇ ಅಣ್ಣಾ, ಶೆನಕ್ಕಾಯ ಪಿಂಡಿ," ಎಂದಳು ಮಂಗಳಾ, ತನಗೆ ತಿಳಿದಂತೆ ಹಿಂಡಿಯನ್ನು ತೆಲುಗು ಮಾಡಿ. ತೆಲುಗಿನವರಿಗೆ ಶೆನಕ್ಕಾಯ ಪಿಂಡಿ ಎಂದರೆ ದನಕ್ಕೆ ಹಾಕುವುದೇ. ಅವನು ಸರಿಯಮ್ಮ ಎಂದು, ಹಡಗಿನ ಕಾಗದದಲ್ಲಿ ಸರಕಿನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಎಣ್ಣೆ ತೆಗೆದ ಶೇಂಗಾ ಗಸಿ ಎಂದು ಬರೆದ. ಮಂಗಳಾ ಬಾಣಲೆಯ ಕಡೆ ತಿರುಗಿದಳು.

ಹತ್ತು ದಿನಗಳ ಮೇಲೆ ಕೊಲಂಬೊದ ಆ ಕಂಪನಿಯಿಂದ ಇಮೇಲ್ ಬಂತು. ಬಂದರಿನಲ್ಲಿ ಸರಕನ್ನು ಪಶು ಆಹಾರವೆಂದು ಬೇರೆ ಇಟ್ಟಿದ್ದಾರೆ, ಅದಕ್ಕೆ ಬೇಕಾದ ಅನುಮತಿ ನಮ್ಮಲ್ಲಿ ಇಲ್ಲ, ಸರಕಿನ ವಿವರಣೆಯನ್ನು ತಿದ್ದಿ ಕಳಿಸಿ, ಅದು ಪ್ರಾಣಿಗಳಿಗಲ್ಲವೆಂದು ದೃಢಪಡಿಸಿ ಎಂದು ಅದರಲ್ಲಿತ್ತು. ಕೃಷ್ಣಕಾಂತರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ವಿವರಣೆ ಸಾಲೋದಿಲ್ಲ ಅಂತಾರ, ಮಂಗಳಮ್ಮ. ವಿಸ್ತಾರವಾಗಿ ಬರೀಬೇಕು."

"ಬರೀರಿ ರಾಯರ. ದನ ಅದನ್ನ ಮೂಸಿ ಸುದ್ದಾ ನೋಡಂಗಿಲ್ಲ ಅಂತ ಬರೀರಿ. ಅಷ್ಟು ಖಾರ ಐತಿ."

ಅವರು ನಾಲ್ಕು ಪುಟ ಬರೆದರು. ಶೇಂಗಾ ಬೆಳೆಯುವ ಮಣ್ಣು, ಹುರಿಯುವ ಕ್ರಮ, ಕುಟ್ಟುವ ಕ್ರಮ, ಜೋಳದ ರೊಟ್ಟಿಗೆ ಎಣ್ಣೆ ಹಾಕಿ ಕಲಸಿಕೊಳ್ಳುವ ಬಗೆ, ಅನ್ನಕ್ಕೆ ತುಪ್ಪದೊಂದಿಗೆ ಕಲಸುವ ಬಗೆ, ಎಲ್ಲವೂ ಅದರಲ್ಲಿದ್ದವು. ಬೆಳ್ಳುಳ್ಳಿ ಇರುವುದರಿಂದ ಅವರ ಮನೆಯ ಹೊಸ್ತಿಲನ್ನು ಆ ಹಿಂಡಿ ಎಂದೂ ದಾಟಿರಲಿಲ್ಲ. ಅದರ ರುಚಿಯ ಬಗ್ಗೆ ಬರೆದ ಪುಟವನ್ನು ಅವರು ಮಂಗಳಾಳನ್ನು ಕೇಳಿ ಕೇಳಿ ಬರೆದರು.

ಆರು ದಿನಗಳ ಮೇಲೆ ಉತ್ತರ ಬಂತು. ಧನ್ಯವಾದ, ದಯವಿಟ್ಟು ವಿವರಣೆಯನ್ನು ತಿದ್ದಿ ಕಳಿಸಿ. ಮೊದಲಿನ ಮಾತೇ.

"ಇನ್ನೂ ಏನು ಬಿಟ್ಟೀವಿ?" ಎಂದಳು ಮಂಗಳಾ.

"ಪ್ರಾಣಿಗಳಿಗಲ್ಲ ಅಂತ ದೃಢೀಕರಣ ಕೇಳ್ಯಾರ ನೋಡ್ರಿ. ಅದು ನಾವು ಹೇಳಿದರ ಆಗೋದಿಲ್ಲ. ಸಂಬಂಧಪಟ್ಟ ಇಲಾಖೆ ಕೊಡಬೇಕು. ಪಶು ವೈದ್ಯರ ಹತ್ತಿರ ಹೋಗ್ರಿ, ಅರ್ಜಿ ನಾ ಬರೀತೀನಿ."

ಪಶು ಆಸ್ಪತ್ರೆಯ ಡಾಕ್ಟರ್ ಸಾಯಿಕುಮಾರ್ ಗುಂಟೂರಿನವರು. ಕನ್ನಡ ಅಷ್ಟಿಷ್ಟು ಕಲಿತಿದ್ದರು. ಹೊರಗೆ ಮೂರು ಎಮ್ಮೆ, ಒಂದು ಕುಂಟು ಮೇಕೆ ಕಾಯುತ್ತಿದ್ದವು. ಮಂಗಳಾ ಆ ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ಅರ್ಜಿ ಕೊಟ್ಟಳು. ಅವರು ಓದಿ, ಆಕೆಯ ಮುಖ ನೋಡಿ, ಮತ್ತೆ ಓದಿದರು.

"ಅಮ್ಮಾ, ದನಕ್ಕೆ ಏನು ಹಾಕಬೇಕು ಅಂದರೆ ನಾನು ಬರೆದುಕೊಡತೀನಿ. ಇದು ದನದ್ದು ಅಲ್ಲ ಅಂತ ಹೆಂಗೆ ಬರೀಲಿ? ನಾಳೆ ಒಬ್ಬರು ಸೀರೆ ತಂದು ಇದು ದನದ್ದು ಅಲ್ಲ ಅಂತ ಬರೆದುಕೊಡಿ ಅಂತಾರೆ."

"ಸೀರಿ ಬ್ಯಾರೆ ಸಾರ್. ಸೀರಿಗೆ ಯಾರೂ ದನದ್ದು ಅನ್ನಂಗಿಲ್ಲ. ಇದಕ್ಕ ಅಂದಾರಲ್ಲ."

"ಯಾರು ಅಂದರು?"

"ಲಂಕಾದವರು."

ಅವರು ಪಾಕೀಟು ಬಿಚ್ಚಿ ಅಂಗೈಗೆ ಚಿಟಿಕೆ ಹಾಕಿಕೊಂಡು ನೆಕ್ಕಿದರು. ಚೆನ್ನಾಗಿದೆ ಎಂದರು. ಇನ್ನೊಂದು ಚಿಟಿಕೆ ಹಾಕಿಕೊಂಡರು. ಮೇಲಿನ ಅಧಿಕಾರಿಗಳು ಬರೆಯಲು ಹೇಳಿದರೆ ಬರೆಯುತ್ತೇನೆ, ಆದೋನಿಯ ಕಚೇರಿಗೆ ಹೋಗಿ ಕೇಳಿ ಎಂದರು. ಆದೋನಿಯಲ್ಲಿ, ಇದು ಆಹಾರ ವಿಭಾಗದ ಕೆಲಸ ಎಂದರು. ಆಹಾರ ವಿಭಾಗದಲ್ಲಿ, ನಿಮಗೆ ಪರವಾನಗಿ ಕೊಟ್ಟಿದ್ದೇವಲ್ಲ, ಅದರಲ್ಲಿ ಚಟ್ನಿಪುಡಿ ಎಂದೇ ಇದೆಯಲ್ಲ, ಇನ್ನೇನು ಬೇಕು ಎಂದರು. ಅಲ್ಲಿಯವರ ಮಾತು ಸರಿಯಾಗಿತ್ತು. ಮಂಗಳಾ ಅವರೊಡನೆ ವಾದಕ್ಕಿಳಿಯಲಿಲ್ಲ. ಬಸ್ಸಿನಲ್ಲಿ ಆಲೂರಿಗೆ ಬರುವಾಗ ಪಕ್ಕದಲ್ಲಿ ಕೂತ ಅಪರಿಚಿತ ಮುದುಕಿ ಯಾವ ಊರಮ್ಮ ನಿಂದು ಎಂದು ಕೇಳಿದ್ದಕ್ಕೆ, "ಏನೂ ಕೇಳಬ್ಯಾಡ ಅಜ್ಜಿ, ಈವತ್ತು ಉತ್ತರ ಹೇಳೋದು ಮುಗದೈತಿ," ಎಂದುಬಿಟ್ಟಳು. ಮರುಕ್ಷಣವೇ ನಾಚಿಕೆಯಾಗಿ ಊರಿನ ಹೆಸರು ಹೇಳಿ, ಆ ಮುದುಕಿಗೆ ಕಿಟಕಿಯ ಪಕ್ಕ ಬಿಟ್ಟುಕೊಟ್ಟಳು.

ಇಳಿದವಳು ಮನೆಗೆ ಹೋಗದೆ ನೇರವಾಗಿ ಮಠದ ಬೀದಿಗೆ ನಡೆದಳು. ಕೃಷ್ಣಕಾಂತರು ಪಡಸಾಲೆಯಲ್ಲಿ ಹೊಸ ಪತ್ರ ಬರೆಯುತ್ತ ಕೂತಿದ್ದರು. ಮಥುರಾಬಾಯಿ ಒಂದು ಮೊರದ ತುಂಬ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಬಂದಿರೇನು, ಕೂಡ್ರಿ," ಎಂದರು ಕೃಷ್ಣಕಾಂತರು. "ಈ ಸಲ ಸ್ವಲ್ಪ ಖಡಕ್ಕಾಗಿ ಬರದೀನಿ. ಕೇಳ್ರಿ. ಇಮೇಲ್ ಕಳಸಿದ ಆ ಹೆಣ್ಣುಮಗಳಿಗೆ, ತರ್ಷಿನಿ ಶಿವರಾಸಾ ಅಂತ ಅದ ಹೆಸರು, ಮಾನ್ಯರೇ ಅಂತ ಶುರು ಮಾಡಿ..."

"ತಮಿಳರ ಹುಡುಗಿ," ಎಂದರು ಮಥುರಾಬಾಯಿ ಸೊಪ್ಪಿನಿಂದ ತಲೆಯೆತ್ತದೆ.

"ಯಾರಾದರೇನು. ವ್ಯವಹಾರದ ಭಾಷಾ ಇಂಗ್ಲಿಷು."

"ನಾ ಹೋದ ವಾರನೂ ಹೇಳಿದೆ. ಆಗಲೂ ಇದೇ ಅಂದಿರಿ."

ಮಂಗಳಾ ಅವರ ಕಡೆ ತಿರುಗಿದಳು. "ಅಮ್ಮಾರ, ನಿಮಗ ತಮಿಳು ಬರ್ತೈತೇನ್ರಿ?"

"ನನ್ನ ತವರುಮನಿ ಕುಂಭಕೋಣ ಅಲ್ಲೇನು. ಹದಿನೆಂಟು ವರ್ಷ ಅಲ್ಲೇ ಬೆಳದಾಕಿ ನಾನು. ಬರದೇ ಏನು?"

ಮಂಗಳಾಗೆ ಸಿಟ್ಟು ಬಂತೋ ನಗು ಬಂತೋ ಆಕೆಗೇ ತಿಳಿಯಲಿಲ್ಲ. ಮೂರು ವಾರದಿಂದ ಈ ಪಡಸಾಲೆಯಲ್ಲಿ ಕೂತು ಪತ್ರ ಬರೆಸಿದ್ದಳು. ಮಥುರಾಬಾಯಿ ಅವಲಕ್ಕಿ ಕೊಟ್ಟಿದ್ದರು, ಮಜ್ಜಿಗೆ ಕೊಟ್ಟಿದ್ದರು. ನಿಮಗೇನು ತಿಳಿದಿದೆ ಎಂದು ಅವರನ್ನು ಒಂದು ಸಲವಾದರೂ ಕೇಳುವುದು ತನಗೂ ಹೊಳೆದಿರಲಿಲ್ಲ.

"ಆ ಕಾಗದದಾಗ ಆಕಿ ಫೋನ್ ನಂಬರು ಐತೇನ್ರಿ ರಾಯರ?" ಎಂದಳು.

"ಅದ. ಆದರ ಬರವಣಿಗಿ ಒಳಗಿದ್ದದ್ದನ್ನ ಬಾಯಿಮಾತಿಗೆ ತಂದರ ದಾಖಲೆ ಇರೋದಿಲ್ಲ..."

"ದಾಖಲೆ ಹಂಗಿರಲಿ ರಾಯರ. ಪುಡಿ ಕೆಡಾಕತ್ತೈತಿ."

ಮಥುರಾಬಾಯಿ ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಮಂಗಳಾ ತನ್ನ ಮೊಬೈಲಿನಿಂದ ವಾಟ್ಸಾಪ್ ಕರೆ ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಅವರ ಮುಂದೆ ಹಿಡಿದಳು. ಆ ಕಡೆಯಿಂದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಯಾರು ಎಂದಳು. ಮಥುರಾಬಾಯಿ ತಮಿಳಿನಲ್ಲಿ ಮಾತಾಡಿದರು. ಆಮೇಲೆ ಹುಡುಗಿಯ ದನಿ ಪೂರ್ತಿ ಬದಲಾಯಿತು. ಅವಳ ತಮಿಳು ಬೇರೆ ತರಹದ್ದಾಗಿತ್ತು. ಮಥುರಾಬಾಯಿ ನಡುನಡುವೆ ಏನಮ್ಮ, ಇನ್ನೊಂದು ಸಲ ಹೇಳು ಎನ್ನುತ್ತಿದ್ದರು. ಆದರೂ ನಲವತ್ತು ವರ್ಷದಿಂದ ಆಡದಿದ್ದ ಮಾತು ತವರಿನ ಬಾವಿಯ ನೀರಿನಂತೆ ಬಂತು. ಕೃಷ್ಣಕಾಂತರು ಪೆನ್ನು ಹಿಡಿದುಕೊಂಡೇ ಕೂತಿದ್ದರು. ಹೆಂಡತಿ ಅಷ್ಟು ಜೋರಾಗಿ, ಅಷ್ಟು ನಿಧಾನವಾಗಿ, ಯಾರನ್ನೂ ಕೇಳದೆ ಮಾತಾಡಿದ್ದನ್ನು ಅವರು ಕಂಡಿರಲಿಲ್ಲ.

ಹನ್ನೆರಡು ನಿಮಿಷದಲ್ಲಿ ಮಾತು ಮುಗಿಯಿತು.

"ಏನಂತಾಳ?" ಎಂದಳು ಮಂಗಳಾ.

"ಹಡಗಿನ ಕಾಗದದಾಗ ನಿನ್ನ ಪುಡಿಗೆ ಗಾಣದ ಹಿಂಡಿ ಅಂತ ಬರದಾರಂತ. ಚೆನ್ನೈದವರು ಬರದದ್ದು. ಆ ಒಂದು ಸಾಲು ಹೊಡದುಹಾಕಿ ಚಟ್ನಿಪುಡಿ ಅಂತ ತಿದ್ದಿ ಅವರs ಕಳಸಬೇಕು. ಅಷ್ಟs."

"ಮತ್ತ ವಿವರಣೆ?"

"ವಿವರಣೆ ಅಂದ್ರ ಆ ಸಾಲಂತ. ನಾಲ್ಕು ಪುಟ ಯಾಕ ಬಂತು ಅಂತ ಅವರ ಆಫೀಸಿನಾಗ ಯಾರಿಗೂ ತಿಳೀಲಿಲ್ಲಂತ. ಓದಿ ಎಲ್ಲಾರಿಗೂ ಹಸಿವಾತಂತ, ಹಂಗಂದಳು ಹುಡುಗಿ."

"ದನದ್ದಲ್ಲ ಅನ್ನೋ ಸರ್ಟಿಫಿಕೇಟು?"

"ಸರ್ಟಿಫಿಕೇಟು ಯಾರೂ ಕೇಳಿಲ್ಲ. ನಿನ್ನ ಗುಂಪಿನ ಕಾಗದದ ಮ್ಯಾಲೆ, ಇದು ಮನುಷ್ಯರು ತಿನ್ನೋದು ಅಂತ ಬರದು ನೀ ಸಹಿ ಹಾಕಿದರ ಮುಗೀತು."

ಮಂಗಳಾ ನೆಲದ ಮೇಲೆ ಕೂತುಬಿಟ್ಟಳು. ಕರ್ನೂಲಿನ ಬಿಸಿಲು, ಎಮ್ಮೆಗಳ ಸಾಲು, ಆದೋನಿಯ ಮೆಟ್ಟಿಲು ಎಲ್ಲವೂ ಒಮ್ಮೆಲೇ ಕಾಲಿಗೆ ಇಳಿದ ಹಾಗಾಯಿತು. ಕೃಷ್ಣಕಾಂತರ ಕಡೆ ನೋಡಿದಳು. ಅವರು ಇಮೇಲಿನ ಹಾಳೆಯನ್ನು ಮತ್ತೆ ಹಿಡಿದು ಓದುತ್ತಿದ್ದರು. ಮೂವತ್ನಾಲ್ಕು ವರ್ಷ ಅವರ ಕಚೇರಿಗೆ ಬಂದ ಯಾವ ಕಾಗದವೂ ಇನ್ನೊಂದು ಕಚೇರಿಯ ಮುದ್ರೆ ಇಲ್ಲದೆ ಮುಂದೆ ಹೋಗಿರಲಿಲ್ಲ. ಒಬ್ಬ ಹೆಂಗಸು ಸಹಿ ಹಾಕಿದರೆ ಸಾಕು ಎಂಬ ಅರ್ಥ ಆ ವಾಕ್ಯಕ್ಕೆ ಇರಬಹುದೆಂದು ಅವರಿಗೆ ತೋಚಿಯೇ ಇರಲಿಲ್ಲ.

"ತಪ್ಪು ನಂದು, ಮಂಗಳಮ್ಮ," ಎಂದರು ಹಾಳೆ ಕೆಳಗಿಟ್ಟು. "ನಾ ಸರಿಯಾಗೇ ಓದಿದ್ದೆ. ತಿಳಕೊಂಡದ್ದು ಬ್ಯಾರೆ ಆಗ್ಯದ."

ಬಯ್ಯಬೇಕೆಂದು ಬಾಯಿ ತೆರೆದಿದ್ದ ಮಂಗಳಾಗೆ ಆ ಮಾತು ಕೇಳಿ ಬಯ್ಯಲಾಗಲಿಲ್ಲ. "ಪಿಂಡಿ ಅಂತ ಫೋನಿನಾಗ ಹೇಳಿದಾಕಿ ನಾನs ಅದೀನಿ ರಾಯರ," ಎಂದಳು. "ಒಬ್ಬರ ತಪ್ಪಲ್ಲ ಇದು. ಆ ಸಾಲು ಬರೀರಿ, ಸಹಿ ಹಾಕ್ತೀನಿ. ಒಂದs ಸಾಲು ಬರೀರಿ ಮತ್ತ."

ಮರುದಿನ ಚೆನ್ನೈಗೆ ಫೋನು ಮಾಡಿ, ನೆಲ್ಲೂರಿನವನಿಗೆ ಚಟ್ನಿಪುಡಿ ಎಂದರೆ ಏನೆಂದು ಬಿಡಿಸಿ ಬಿಡಿಸಿ ಹೇಳಿದಳು. ಅವನು ನೊಂದುಕೊಂಡ. ಇಡ್ಲಿಯ ಜೊತೆ ತಿನ್ನುವ ಕಾರಪ್ಪೊಡಿ ಅಂದಿದ್ದರೆ ಮುಗಿಯುತ್ತಿತ್ತಲ್ಲಮ್ಮ ಎಂದ. ಐದು ದಿನದಲ್ಲಿ ಕಾಗದ ತಿದ್ದಿ ಹೋಯಿತು, ಮುಂದಿನ ವಾರ ಪೆಟ್ಟಿಗೆಗಳು ಬಿಡುಗಡೆಯಾದವು. ಆ ಸಂಜೆ ಪಕೀರಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು.

ಬೆಲ್ಲ ಬಾಯಲ್ಲಿ ಕರಗುವುದರೊಳಗೆ ತರ್ಷಿನಿಯ ಫೋನು ಬಂತು. ಮಂಗಳಾ ಮಠದ ಬೀದಿಗೆ ಓಡಿ ಫೋನನ್ನು ಮಥುರಾಬಾಯಿಯ ಕೈಗೆ ಕೊಟ್ಟಳು. ಅವರು ಕೇಳುತ್ತ ಕೇಳುತ್ತ ಮುಖ ಸಣ್ಣ ಮಾಡಿದರು.

"ನಾಲ್ಕು ತಿಂಗಳು ತಡೀತದ ಅಂತ ಪಾಕೀಟಿನ ಮ್ಯಾಲೆ ಹಾಕೀಯಂತಲ್ಲ. ಅದರಾಗ ಎರಡು ತಿಂಗಳು ಹೋಗ್ಯಾವ. ಅವರ ಅಂಗಡಿಯೊಳಗ, ಮುಕ್ಕಾಲು ಅವಧಿ ಉಳಿದಿದ್ದರ ಮಾತ್ರ ಮಾರಾಟಕ್ಕ ಇಡ್ತಾರಂತ. ಇದನ್ನ ಇಡೋಕಾಗೋದಿಲ್ಲ ಅಂತಾಳ."

"ಕೆಟ್ಟಿಲ್ಲಲ್ರಿ ಅದು."

"ಕೆಟ್ಟಿಲ್ಲ ಅಂತ ಆಕಿನೂ ಹೇಳ್ತಾಳ. ನಿಯಮ ಅಂತಾಳ."

ಮಂಗಳಾ ಅಲ್ಲಿಯೇ ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳು ಬರಲಿಲ್ಲ. ಇನ್ನು ಯಾರ ಮೇಲೆ ರೇಗುವುದೆಂದು ಹುಡುಕಿದರೆ ಯಾರೂ ಸಿಗಲಿಲ್ಲ. "ಹಂಗಾರ ಸಮುದ್ರಕ್ಕ ಚೆಲ್ಲಂತ ಹೇಳ್ರಿ ಅಮ್ಮಾರ," ಎಂದಳು. "ಮೀನಾದರೂ ತಿನ್ನಲಿ. ಆಗ ಪ್ರಾಣಿ ಆಹಾರ ಅನ್ನೋದು ಖರೇ ಆಗ್ತೈತಿ."

ಮಥುರಾಬಾಯಿ ಅದನ್ನು ಹಾಗೆಯೇ ತಮಿಳಿಗೆ ತಿರುಗಿಸಿದರು. ಆ ಕಡೆ ತರ್ಷಿನಿ ನಕ್ಕದ್ದು ಜಗಲಿಯ ತನಕ ಕೇಳಿಸಿತು. ನಕ್ಕು ಮುಗಿಸಿ ಅವಳು ಏನೋ ಹೇಳಿದಳು. ಮಥುರಾಬಾಯಿ ಎರಡು ಪ್ರಶ್ನೆ ಕೇಳಿದರು, ಒಂದಕ್ಕೆ ಒಪ್ಪಲಿಲ್ಲ, ಮತ್ತೆ ಕೇಳಿದರು. ಕೊನೆಗೆ ಫೋನು ಇಟ್ಟು ಹೊರಗೆ ಬಂದರು.

"ಮಾರೋಕಾಗೋದಿಲ್ಲ, ಹಂಚೋಕಾಗ್ತದಂತ. ಮೂರು ಅಂಗಡಿ ಬಾಗಿಲದಾಗ ಮೇಜು ಹಾಕಿ, ಬಂದ ಗಿರಾಕಿಗೆ ಅನ್ನದ ಜೋಡಿ ರುಚಿ ತೋರಸ್ತಾರಂತ. ಬರೇ ಪುಡಿ ಕೊಟ್ಟರ ಖಾರಕ್ಕ ಓಡಿಹೋಗ್ತಾರ, ಎಣ್ಣಿ ಹಾಕಿ ಕಲಸಿ ಕೊಡು ಅಂತ ಹೇಳೀನಿ. ರಾಯರು ಬರದ ಮೂರನೇ ಪುಟ ನೋಡಿ ಮಾಡು ಅಂತ ಹೇಳೀನಿ."

ಒಳಗಿನಿಂದ ಕೃಷ್ಣಕಾಂತರು ಕೆಮ್ಮಿದರು.

ರುಚಿ ತೋರಿಸಿದ ಮೇಲೆ ಹದಿನೈದು ದಿನ ಏನೂ ಸುದ್ದಿ ಬರಲಿಲ್ಲ. ಮಂಗಳಾ ಮತ್ತೆ ಎಂದಿನಂತೆ ಆದೋನಿ, ಎಮ್ಮಿಗನೂರಿನ ಅಂಗಡಿಗಳಿಗೆ ಓಡಾಡಿದಳು. ಲಂಕೆಯ ಮಾತು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದಳು. ಜೂನ್ ಕೊನೆಯಲ್ಲಿ ಆರ್ಡರು ಬಂತು. ತಿಂಗಳಿಗೆ ಐನೂರು ಪಾಕೀಟು, ಆರು ತಿಂಗಳ ತನಕ.

ಅಂದು ಮಧ್ಯಾಹ್ನ ಎಂಟೂ ಜನ ಹುರಿಯುವ ಕೋಣೆಯಲ್ಲಿ ಕೂತರು. ಒಲೆ ಆರಿಸಿದ್ದರೂ ಕೋಣೆಯಲ್ಲಿ ಮೆಣಸಿನಕಾಯಿಯ ಘಾಟು ಹಾಗೆಯೇ ಇತ್ತು. ಮಂಗಳಾ ಮೊದಲು ತನ್ನ ಮಾತು ಹೇಳಿದಳು. "ನನಗ ಸಾಕಾಗೈತಿ. ನೀವು ಬ್ಯಾಡ ಅಂದರ ಈಗ್ಲೇ ಬ್ಯಾಡ ಅಂತ ಹೇಳಿಬಿಡ್ತೀನಿ. ಯಾರ ಮುಲಾಜೂ ಇಲ್ಲ."

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಗಾದಿಲಿಂಗಮ್ಮ ಕುಟ್ಟುವ ಒನಕೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. "ಐನೂರು ಆಗಂಗಿಲ್ಲವ್ವ," ಎಂದಳು. "ನಮ್ಮ ಊರವರಿಗೆ ಯಾರು ಮಾಡೋರು? ಮುನ್ನೂರು ಅನ್ನು. ಕೊಟ್ಟರ ಕೊಡಲಿ, ಬಿಟ್ಟರ ಬಿಡಲಿ."

"ಮುನ್ನೂರಾದರೂ ಯಾಕ ಬೇಕು," ಎಂದಳು ಪಕೀರಮ್ಮ. "ಆರು ತಿಂಗಳು ಇದೇ ಗೋಳು."

"ಪಾಕೀಟು ಮುಂದಿನ ಸಾಲಿನಾಗ ಇಡ್ತಾರಂತಾ ಇಲ್ಲಾ, ಅದನ್ನ ಕೇಳು," ಎಂದಳು ಗಾದಿಲಿಂಗಮ್ಮ.

ಸಂಜೆ ಆ ಪ್ರಶ್ನೆಯನ್ನು ಮಥುರಾಬಾಯಿ ಫೋನಿನಲ್ಲಿ ಕೇಳಿದರು. ಮೂರು ತಿಂಗಳು ಎದುರಿನ ಸಾಲಿನಲ್ಲಿ ಇಡುತ್ತೇವೆ, ಆಮೇಲೆ ಮಾರಾಟ ನೋಡಿ ಎಂದಳು ತರ್ಷಿನಿ. ಅದನ್ನು ಬರೆದು ಕಳಿಸು ಎಂದರು ಕೃಷ್ಣಕಾಂತರು ಹಿಂದಿನಿಂದ. ಅವಳು ಬರೆದು ಕಳಿಸಿದಳು. ಆ ಪತ್ರದ ಒಂದೊಂದು ಸಾಲನ್ನೂ ಗಂಡ ಇಂಗ್ಲಿಷಿನಲ್ಲಿ ಓದಿದರು, ಹೆಂಡತಿ ಫೋನಿನಲ್ಲಿ ತಮಿಳಿನಲ್ಲಿ ಕೇಳಿ ಖಚಿತ ಮಾಡಿಕೊಂಡರು, ಮಂಗಳಾ ಕನ್ನಡದಲ್ಲಿ ಕೇಳಿ ತಲೆಯಾಡಿಸಿದಳು. ಒಂದು ಪುಟಕ್ಕೆ ಒಂದು ತಾಸು ಹಿಡಿಯಿತು. ಈ ಸಲ ಯಾರೂ ಅವಸರ ಮಾಡಲಿಲ್ಲ.

ಮುನ್ನೂರಕ್ಕೆ ಒಪ್ಪಂದವಾಯಿತು. ಎರಡನೆಯ ಸರಕು ನಾಲ್ಕೇ ದಿನದಲ್ಲಿ ಬಂದರಿನಿಂದ ಹೊರಗೆ ಬಂತು. ಸುದ್ದಿ ಬಂದಾಗ ಗುಂಪಿನವರು ಮುಂದಿನ ತಿಂಗಳ ಸರಕಿನ ಶೇಂಗಾ ಆರಿಸುತ್ತ ಕೂತಿದ್ದರು. ಮಂಗಳಾ ಹೇಳಿದ್ದನ್ನು ಕೇಳಿ ಪಕೀರಮ್ಮ ಮೊರವನ್ನು ಒಂದು ಸಲ ಕೊಡವಿ, ಜೊಳ್ಳು ಕಾಳುಗಳನ್ನು ಬೇರೆ ಮಾಡುತ್ತ, "ನಾಲ್ಕs ದಿನಕ್ಕ ಬಿಟ್ಟರೇನು? ಏನೂ ಕೇಳಲಿಲ್ಲೇನು?" ಎಂದಳು.

"ಏನೂ ಕೇಳಲಿಲ್ಲಂತ."

"ಮತ್ತೊಮ್ಮೆ ಫೋನ್ ಮಾಡಿ ನೋಡವ್ವ," ಎಂದಳು ಪಕೀರಮ್ಮ. "ನನಗ್ಯಾಕೋ ನಂಬಿಕಿ ಬರವಲ್ದು."